ಪೋಲೋ ಜಿಟಿಗೆ ಬಿಲ್‌ಸ್ಟೈನ್ ಬಿ6 ಶಾಕ್ಸ್: ಮೂರು ವರ್ಷ, 46,000 ಕಿಲೋಮೀಟರ್ ಆದ ಮೇಲೆ

ನನ್ನದು 2014ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ ಪೆಟ್ರೋಲ್, 105 ಪಿಎಸ್ ಶಕ್ತಿ, ಏಳು ಗೇರಿನ ಡಿಎಸ್‌ಜಿ, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರೇನಲ್ಲ, ಆದರೆ ಓಡಿಸುವ ಖುಷಿಗೆಂದೇ ತಗೊಂಡ ಗಾಡಿ. 2022ರಲ್ಲಿ ಭಾರತದಲ್ಲಿ ಪೋಲೋ ತಯಾರಿಕೆಯೇ ನಿಂತುಹೋಯಿತು. ಮಾರಿ ಇನ್ನೊಂದು ತಗೋ ಅಂತ ಮನೆಯಲ್ಲಿ ಹೇಳಿದರು. ನನಗೆ ಮನಸ್ಸು ಬರಲಿಲ್ಲ.

ಮನೆ ಚಿಕ್ಕಬಳ್ಳಾಪುರ. ಶಿಡ್ಲಘಟ್ಟದಲ್ಲಿ ನಮ್ಮದೊಂದು ಸಣ್ಣ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ ಇದೆ. ಬೆಳಗ್ಗೆ ಗೂಡಿನ ಮಾರುಕಟ್ಟೆಗೆ ಹೊರಟರೆ ಊರೂರಿಗೂ ಹಂಪ್, ಮಳೆಗಾಲದಲ್ಲಿ ಗುಂಡಿ. ಬಿಡುವಾದಾಗ ನಂದಿ ಬೆಟ್ಟದ ತಿರುವುಗಳು, ಹೈದರಾಬಾದ್ ಹೆದ್ದಾರಿಯಲ್ಲಿ ಬಾಗೇಪಲ್ಲಿ ಕಡೆಗೆ ಒಂದು ಸುತ್ತು. ಶಾಕ್ಸ್‌ಗೆ, ಅಂದರೆ ಶಾಕ್ ಅಬ್ಸಾರ್ಬರ್‌ಗಳಿಗೆ, ಇದಕ್ಕಿಂತ ಒಳ್ಳೆ ಪರೀಕ್ಷೆ ಬೇಕಾ?

82,000 ಕಿಲೋಮೀಟರಿಗೆ ಹಳೇ ಶಾಕ್ಸ್ ಸುಸ್ತಾಗಿದ್ದವು. ನನಗೆ ಮೊದಲು ಗೊತ್ತಾಗಿದ್ದು ಟೈರಿನಿಂದ. ತೊಳೆಯುವಾಗ ಹಿಂದಿನ ಟೈರ್ ಮೇಲೆ ಅಂಗೈ ಆಡಿಸಿದರೆ ಒಂದೇ ಸಮ ಇರಲಿಲ್ಲ. ಏರು, ತಗ್ಗು, ಮತ್ತೆ ಏರು. ಅಲ್ಲಲ್ಲಿ ಬಟ್ಟಲು ಬಿದ್ದ ಹಾಗೆ ಸವೆದಿತ್ತು. ಅಂದರೆ ಚಕ್ರ ರಸ್ತೆ ಮೇಲೆ ಕೂರುತ್ತಿಲ್ಲ, ಕುಣಿಯುತ್ತಿದೆ ಅಂತ ಅರ್ಥ. ಗಾಡಿಯ ತೂಕ ಹೊರುವುದು ಸ್ಪ್ರಿಂಗ್. ಅದರ ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಒಳಗಿನ ಆಯಿಲ್ ಸಣ್ಣ ತೂತುಗಳಲ್ಲಿ ನುಗ್ಗುವಾಗ ಆ ಕುಣಿತವೆಲ್ಲ ಬಿಸಿಯಾಗಿ ಹೊರಗೆ ಹೋಗುತ್ತದೆ. ಈ ಕೆಲಸ ನಿಂತರೆ ಬ್ರೇಕ್ ಹಿಡಿದಾಗಲೂ ಟೈರಿಗೆ ಸರಿಯಾದ ಹಿಡಿತ ಸಿಗುವುದಿಲ್ಲ. ಹಾಗಾಗಿ ಇದನ್ನು ಬರೀ ಆರಾಮದ ವಿಷಯ ಅಂದುಕೊಳ್ಳಬೇಡಿ.

ಹಳೇದರ ಜಾಗಕ್ಕೆ ಬಿಲ್‌ಸ್ಟೈನ್ ಕಂಪನಿಯ ಬಿ6 ಶಾಕ್ಸ್ ಹಾಕಿಸಿದೆ. ಬಿ6 ಯಾಕೆ? ಇದು ಮೊನೊಟ್ಯೂಬ್, ಅಂದರೆ ಒಂದೇ ಕೊಳವೆಯದ್ದು. ಆಯಿಲ್ ಒಂದು ಕಡೆ, ಒತ್ತಡದ ನೈಟ್ರೋಜನ್ ಇನ್ನೊಂದು ಕಡೆ, ನಡುವೆ ತೇಲುವ ಪಿಸ್ಟನ್. ಆಯಿಲ್‌ಗೆ ಗ್ಯಾಸ್ ಬೆರೆತು ನೊರೆ ಬರುವ ಪ್ರಶ್ನೆಯೇ ಇಲ್ಲ. ಕೊಳವೆ ಒಂದೇ ಆದ್ದರಿಂದ ಬಿಸಿಯೂ ಬೇಗ ಇಳಿಯುತ್ತದೆ. ಇದೇ ಕಂಪನಿಯ ಬಿ8 ಗಾಡಿಯ ಎತ್ತರ ಇಳಿಸುವ ಸ್ಪ್ರಿಂಗ್‌ಗೆಂದೇ ಮಾಡಿದ್ದು, ಉದ್ದ ಕಡಿಮೆ. ನಮ್ಮ ಹಂಪ್‌ಗಳಿಗೆ ಎತ್ತರ ಇಳಿಸುವುದು ಬೇಡವೇ ಬೇಡ. ಬಿ6ಗೆ ಗಾಡಿಯ ಜೊತೆ ಬಂದ ಸ್ಪ್ರಿಂಗೇ ಸಾಕು.

ಪೆಟ್ಟಿಗೆ ಬಿಚ್ಚಿದ ದಿನ ಇನ್ನೂ ಕಣ್ಣಿಗೆ ಕಟ್ಟಿದೆ. ಹಳದಿ ಬಣ್ಣ, ಒಳಗೆ ಹೊರಗೆ ಓಡಾಡುವ ರಾಡ್‌ಗೆ ಪಟ್ಟಿ ಬಿಗಿದಿದ್ದರು. ಪಟ್ಟಿ ಕತ್ತರಿಸಿದ ಕೂಡಲೇ ರಾಡ್ ತಾನಾಗಿಯೇ, ನಿಧಾನಕ್ಕೆ ಮೇಲೆದ್ದು ಬಂತು. ಒತ್ತಲು ನನ್ನ ಮೈಭಾರವೆಲ್ಲ ಹಾಕಬೇಕಾಯಿತು. ಬಿಚ್ಚಿದ ಹಳೇದನ್ನು ಒತ್ತಿದೆ. ಗುಳುಗುಳು ಅಂತ ಒಳಗೆ ಹೋಗಿ ಅಲ್ಲೇ ಕೂತುಬಿಟ್ಟಿತು. ನಾಲ್ಕು ಶಾಕ್ಸ್, ಶಾಕ್‌ನ ಮೇಲ್ತುದಿಯನ್ನು ಗಾಡಿಗೆ ಹಿಡಿಸುವ ಹೊಸ ಟಾಪ್ ಮೌಂಟ್, ಪೂರ್ತಿ ಕುಸಿದಾಗ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್, ಫಿಟ್ಟಿಂಗ್, ಅಲೈನ್‌ಮೆಂಟ್ ಎಲ್ಲಾ ಸೇರಿ ನನಗೆ ಎಪ್ಪತ್ತು ಸಾವಿರ ದಾಟಿತು. ಮೌಂಟ್ ಹಳೇದೇ ಇರಲಿ ಅಂತ ಮಾತ್ರ ಉಳಿಸಬೇಡಿ. ಅದು ಕೆಟ್ಟರೆ ಮತ್ತೆ ಎಲ್ಲ ಬಿಚ್ಚಬೇಕು.

ಮೊದಲ ತಿಂಗಳು ಮಾತ್ರ ಬೇಜಾರಾಯಿತು. ಹಿಂದಿನ ಸೀಟಿನಲ್ಲಿ ಅಮ್ಮ ಕೂತಿದ್ದರು. ಅವರಿಗೆ ಸೊಂಟನೋವು. “ಏನಪ್ಪಾ ಇದು, ದುಡ್ಡು ಕೊಟ್ಟು ಎತ್ತಿನಗಾಡಿ ಮಾಡಿಸ್ಕೊಂಡು ಬಂದಿದೀಯಾ?” ಅಂದರು. ಸಣ್ಣ ಹಂಪ್‌ಗೂ ಹಿಂದೆ ದಡ್ ಅನ್ನುತ್ತಿತ್ತು, ಜೊತೆಗೆ ಕಿರ್‌ಕಿರ್ ಸದ್ದು. ಶಾಕ್ಸ್ ಗುಣವೇ ಹೀಗಿರಬಹುದು ಅಂದುಕೊಂಡು ಸುಮ್ನಿದ್ದೆ. ಕೊನೆಗೆ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರು ಗಾಡಿಯ ಕೆಳಗೆ ಬಗ್ಗಿ, ಟಾರ್ಚ್ ಬಿಟ್ಟು ನೋಡಿದರು. “ಸಾರ್, ಚಕ್ರ ನೇತಾಡ್ತಾ ಇದ್ದಾಗಲೇ ಕೆಳಗಿನ ಬೋಲ್ಟ್ ಟೈಟ್ ಮಾಡವ್ರೆ. ಬುಷ್ ತಿರುಚ್ಕೊಂಡು ಕೂತದೆ ನೋಡಿ.”

ಇದನ್ನು ಎಲ್ಲರೂ ತಿಳಿದಿರಬೇಕು. ಹಿಂದಿನ ಶಾಕ್‌ನ ಕೆಳತುದಿಯಲ್ಲಿ, ಬೋಲ್ಟ್ ಸುತ್ತ, ರಬ್ಬರ್ ಬುಷ್ ಇರುತ್ತದೆ. ಗಾಡಿ ಲಿಫ್ಟ್ ಮೇಲಿದ್ದಾಗ ಬೋಲ್ಟ್ ಬಿಗಿದರೆ ರಬ್ಬರ್ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕೆ ಇಳಿದ ಮೇಲೆ ಅದು ಸದಾ ತಿರುಚಿಕೊಂಡೇ ಇರಬೇಕು. ಸವಾರಿ ಗಟ್ಟಿಯಾಗುತ್ತದೆ, ಸದ್ದು ಬರುತ್ತದೆ, ಬುಷ್ ಬೇಗ ಹರಿಯುತ್ತದೆ. ಅವರು ಬೋಲ್ಟ್ ಸಡಿಲಿಸಿ, ಚಕ್ರದ ಮೇಲೆ ಗಾಡಿಯ ಭಾರ ಬಿಟ್ಟು, ಮತ್ತೆ ಟಾರ್ಕ್ ರೆಂಚ್‌ನಲ್ಲಿ, ಅಂದರೆ ಬಿಗಿ ಎಷ್ಟೆಂದು ಅಳೆಯುವ ಸ್ಪ್ಯಾನರ್‌ನಲ್ಲಿ, ಬಿಗಿದರು. ಅರ್ಧ ಗಂಟೆಯ ಕೆಲಸ. ಕಿರ್‌ಕಿರ್ ಅವತ್ತೇ ಹೋಯಿತು. ನೀವು ಹಾಕಿಸುವಾಗ ಪಕ್ಕದಲ್ಲೇ ನಿಂತು ಇದನ್ನು ಕೇಳಿ ಮಾಡಿಸಿ. ರಾಡ್‌ನ ಮೇಲಿನ ನಟ್‌ಗೆ, ಗಾಳಿಯ ಒತ್ತಡದಿಂದ ನಟ್ ಬಿಗಿಯುವ ಏರ್ ಗನ್ ಹಿಡಿಯಲು ಬಿಡಬೇಡಿ. ರಾಡ್ ಗಿರಗಿರ ತಿರುಗಿದರೆ ಸೀಲ್‌ಗೆ ಪೆಟ್ಟು.

ಈಗ ಹೇಗಿದೆ? ಇಪ್ಪತ್ತು, ಮೂವತ್ತರ ವೇಗದಲ್ಲಿ ಸಣ್ಣ ಗುಂಡಿಗಳು ಮೊದಲಿಗಿಂತ ಜಾಸ್ತಿ ಗೊತ್ತಾಗುತ್ತವೆ. ಅದು ಇದರ ಸ್ವಭಾವ. ಮೆತ್ತಗೇ ಬೇಕು ಅನ್ನುವವರು ಫೋಕ್ಸ್‌ವ್ಯಾಗನ್ ಕಂಪನಿಯದ್ದನ್ನೇ ಹೊಸದಾಗಿ ಹಾಕಿಸಿ. ಐವತ್ತು ದಾಟಿದರೆ ಗಾಡಿ ಬೇರೆಯೇ. ನಂದಿ ಇಳಿಯುವಾಗ ಒಂದು ತಿರುವಿನಿಂದ ಇನ್ನೊಂದಕ್ಕೆ ಸ್ಟೇರಿಂಗ್ ತಿರುಗಿಸಿದರೆ ಗಾಡಿಯ ಮೈ ಒಮ್ಮೆ ವಾಲಿ ಅಲ್ಲೇ ನಿಲ್ಲುತ್ತದೆ. ಎರಡನೇ ಸಲ ತೂಗಾಡುವುದಿಲ್ಲ. ಒಂದು ಸುಗ್ಗಿಯಲ್ಲಿ ಶಿಡ್ಲಘಟ್ಟ ದಾರಿಯಲ್ಲಿ ತಿರುವು ದಾಟಿದ ಕೂಡಲೇ ರಸ್ತೆ ತುಂಬ ರಾಗಿ ತೆನೆ ಹರಡಿದ್ದರು, ಪಕ್ಕದಲ್ಲಿ ಅಜ್ಜಿಯೊಬ್ಬರು ಮೊರ ಹಿಡಿದು ಕೂತಿದ್ದರು. ಬ್ರೇಕ್ ಹಿಡಿದು ಬಲಕ್ಕೆ ಎಳೆದೆ. ಗಾಡಿ ಮೂತಿ ಹೊಯ್ದಾಡದೆ ನಾನು ಹೇಳಿದ ಕಡೆ ಹೋಯಿತು. ಹಾಕಿದ ದುಡ್ಡೆಲ್ಲ ಆ ಒಂದು ಕ್ಷಣಕ್ಕೇ ವಸೂಲಾಯಿತು.

ಹೋದ ತಿಂಗಳು ಸರ್ವಿಸ್‌ನಲ್ಲಿ ನಾಲ್ಕನ್ನೂ ಬಟ್ಟೆಯಲ್ಲಿ ಒರೆಸಿ ನೋಡಿದೆವು. ಬಟ್ಟೆಗೆ ಧೂಳು ಮಾತ್ರ ಹತ್ತಿತು, ಆಯಿಲ್ ಪಸೆ ಇಲ್ಲ. ಟೈರ್‌ಗಳ ಮೇಲೆ ಅಂಗೈ ಆಡಿಸಿದೆ, ಒಂದೇ ಸಮ ಇವೆ. ಅಮ್ಮ ಈಗ ಶಿಡ್ಲಘಟ್ಟದವರೆಗೂ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಾರೆ.