ಎರಡು ವರ್ಷ ಸೈಡ್‌ಮೌಂಟ್ ಡೈವಿಂಗ್: ಬೆನ್ನಿಗೆ ಸುಖ, ದೋಣಿಯಲ್ಲಿ ಪರದಾಟ

ನಾನು ಕೋಲಾರದವನು. ಈಜು ಕಲಿತಿದ್ದು ಮುಳಬಾಗಿಲು ಕಡೆ ಮಾವನ ತೋಟದ ಬಾವಿಯಲ್ಲಿ, ಸೊಂಟಕ್ಕೆ ಸೋರೆ ಬುರುಡೆ ಕಟ್ಟಿಕೊಂಡು. ಆ ಬಾವಿ ಒಣಗಿ ಎಷ್ಟೋ ವರ್ಷವಾಯಿತು, ಹಾಗಾಗಿ ಈಗ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಸಮುದ್ರದಲ್ಲಿ ಮುಳುಗುತ್ತೇನೆ.

ಸೈಡ್‌ಮೌಂಟ್‌ಗೆ ಬಂದಿದ್ದು ಬೆನ್ನುನೋವಿನಿಂದ. ಗಾಳಿ ತುಂಬಿದ ಅಲ್ಯುಮಿನಿಯಂ ಸಿಲಿಂಡರ್ ಸುಮಾರು 17 ಕೆಜಿ, ಅದನ್ನು ಬೆನ್ನಿಗೆ ಕಟ್ಟಿಕೊಂಡು ಅಲುಗಾಡುವ ದೋಣಿಯಲ್ಲಿ ಎದ್ದು ನಿಲ್ಲುವುದು ನನ್ನ ಸೊಂಟಕ್ಕೆ ಆಗುತ್ತಿರಲಿಲ್ಲ. ಸೈಡ್‌ಮೌಂಟ್‌ನಲ್ಲಿ ಎರಡು ಸಿಲಿಂಡರ್, ಕಂಕುಳ ಕೆಳಗೆ ಒಂದೊಂದು. ನೀರಿಗಿಳಿದ ಮೇಲೆ ಕೊಕ್ಕೆ ಹಾಕಿಕೊಂಡರೆ ಸಾಕು. ಇದು ಗುಹೆಗಳಲ್ಲಿ ಮುಳುಗುವವರು ಇಕ್ಕಟ್ಟಿನ ಸಂದಿಯಲ್ಲಿ ನುಸುಳಲು ಮಾಡಿಕೊಂಡ ವ್ಯವಸ್ಥೆ. ವಾಲ್ವ್ ಕಣ್ಣೆದುರೇ ಇರುವುದರಿಂದ ಗುಳ್ಳೆ ಸೋರಿದರೂ ತಕ್ಷಣ ಕಾಣುತ್ತದೆ.

ಆದರೆ ಲೆಕ್ಕ ಇಡಬೇಕು. ಬೆಳಿಗ್ಗೆ ಡೈರಿಗೆ ಹೋಗುವ ಬೈಕು ನೋಡಿರುತ್ತೀರಿ, ಎರಡೂ ಕಡೆ ಹಾಲಿನ ಕ್ಯಾನು. ಒಂದು ಕಡೆಯದನ್ನು ಮಾತ್ರ ಖಾಲಿ ಮಾಡಿದರೆ ಬೈಕು ವಾಲುತ್ತದೆ ಅಲ್ವಾ, ಇಲ್ಲೂ ಅಷ್ಟೇ. ನಾನು 30 ಬಾರ್ (ಸಿಲಿಂಡರ್‌ನೊಳಗಿನ ಗಾಳಿಯ ಒತ್ತಡದ ಅಳತೆ) ಖರ್ಚಾದಾಗೆಲ್ಲ ಬಾಯಲ್ಲಿಟ್ಟು ಉಸಿರಾಡುವ ರೆಗ್ಯುಲೇಟರ್ ತೆಗೆದು ಇನ್ನೊಂದು ಸಿಲಿಂಡರ್‌ನದು ಹಾಕಿಕೊಳ್ಳುತ್ತೇನೆ. ವಾಲುವುದಕ್ಕಿಂತ ಮುಖ್ಯ ಏನೆಂದರೆ, ಒಂದು ಸಿಲಿಂಡರ್ ಕೈಕೊಟ್ಟರೆ ಇನ್ನೊಂದರಲ್ಲಿ ಮೇಲೆ ಬರುವಷ್ಟು ಗಾಳಿ ಇರಬೇಕು. ಒಮ್ಮೆ ಮೀನು ನೋಡುತ್ತಾ ಮೈಮರೆತು, ಬಲಗಡೆಯದನ್ನು ಉಸಿರಾಡುತ್ತಾ ಎಡಗಡೆಯ ಗೇಜ್ ನೋಡಿ 150 ಇದೆ ಅಂತ ನೆಮ್ಮದಿಯಾಗಿದ್ದೆ. ಬಲಗಡೆ 60ಕ್ಕೆ ಇಳಿದಿತ್ತು. ಆಮೇಲೆ ಎರಡೂ ಗೇಜ್ ನೋಡದೆ ಮುಂದೆ ಹೋಗಿಲ್ಲ.

ಇನ್ನೊಂದು ಕಿರಿಕಿರಿ, ಅಲ್ಯುಮಿನಿಯಂ ಸಿಲಿಂಡರ್ ಖಾಲಿಯಾಗುತ್ತಾ ಬಂದಂತೆ ಹಗುರಾಗಿ ಬುಡ ಮೇಲೆದ್ದು ಬಾಲದಂತೆ ಕುಣಿಯುತ್ತದೆ. ಆಗ ಕೆಳಗಿನ ಕೊಕ್ಕೆಯನ್ನು ಸೊಂಟದ ಮುಂದಿನ ರಿಂಗಿಗೆ ಬದಲಿಸಬೇಕು. ಈಜುಕೊಳದಲ್ಲಿ ನಾಲ್ಕು ದಿನ ಇದನ್ನೇ ಮಾಡಿದೆ. (ನಮ್ಮ ಕಡೆ ಕೃಷಿ ಹೊಂಡ ಇದೆಯಲ್ಲ, ಅಲ್ಲೇ ಮಾಡಬಹುದಲ್ಲ ಅಂತ ಒಬ್ಬರು ಹೇಳಿದರು. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕಾಲು ನಿಲ್ಲುವುದಿಲ್ಲ, ದಡ ಹತ್ತಲಾಗುವುದಿಲ್ಲ, ದಯವಿಟ್ಟು ಬೇಡ.)

ದೋಣಿಯಲ್ಲಿ ಮಾತ್ರ ಕಷ್ಟ. ಏಣಿ ಹತ್ತುವ ಮೊದಲು ಸಿಲಿಂಡರ್ ಬಿಚ್ಚಿ ಮೇಲಕ್ಕೆ ಕೊಡಬೇಕು, ಅಲೆ ಇದ್ದರೆ ತೆಗೆದುಕೊಳ್ಳುವವನಿಗೂ ತಲೆನೋವು. "ಎರಡ್ಯಾಕೆ ಸಾರ್, ಕೆಳಗೇ ಉಳ್ಕೋತೀರಾ?" ಅಂತ ಒಬ್ಬ ಹುಡುಗ ಕೇಳಿದ್ದ. ಎರಡನೇ ಸಿಲಿಂಡರ್‌ಗೆ ಬಾಡಿಗೆ ಬೇರೆ. ನನಗೆ ಎಡ–ಬಲ ಜೋಡಿ ವಾಲ್ವ್ ಒಮ್ಮೆಯೂ ಸಿಗಲಿಲ್ಲ, ಎರಡೂ ಒಂದೇ ಕೈನವು, ಒಂದು ಕಡೆ ನಾಬ್ ತಡಕಾಡಬೇಕು.

ವರ್ಷಕ್ಕೊಮ್ಮೆ ಸುಮ್ನೆ ಮುಳುಗುವವರು ಇದಕ್ಕೆ ದುಡ್ಡು ಹಾಕಬೇಡಿ. ಸೊಂಟ ನೋವಿದ್ದು, ಜಾಸ್ತಿ ಡೈವ್ ಮಾಡುವವರಾದರೆ ಖಂಡಿತ ಕಲಿಯಿರಿ.

ನನ್ನ ಮನೆಯಲ್ಲಿ ಉಳಿದಿರುವ ತಕರಾರು ಒಂದೇ. ರೆಗ್ಯುಲೇಟರ್ ಎರಡು ಸೆಟ್, ಉಪ್ಪು ಹೋಗುವಂತೆ ನೆನೆಸಲು ಎರಡು ಟಬ್ ಸಿಹಿನೀರು ಬೇಕು. ಟ್ಯಾಂಕರ್‌ಗೆ ಕಾಯುವ ಬೀದಿ ನಮ್ಮದು, ಹೆಂಡತಿ ಪಕ್ಕದಲ್ಲಿ ನಿಂತು ಬಕೆಟ್ ಎಣಿಸುತ್ತಾಳೆ.