ನೋವಿನ ಡಾಕ್ಟರು ಬೇಕಾದರೆ: ಮಡಿಕೇರಿ, ಮಂಗಳೂರು, ಬೆಂಗಳೂರು ಸುತ್ತಿ ಮೈಸೂರಿಗೆ ಬಂದೆ

ಮೊದಲೇ ಹೇಳಿಬಿಡುತ್ತೇನೆ. ಸುಂಟಿಕೊಪ್ಪ, ಕುಶಾಲನಗರ ಕಡೆಯವರಾದರೆ ಮೈಸೂರಿಗೆ ಹೋಗಿ. ನಾನು ನಾಲ್ಕೂ ಊರಲ್ಲಿ ಬೆನ್ನು ತೋರಿಸಿದವನು. ಕಾಫಿ ಕೊಯ್ಲಿನ ಹೊತ್ತಿಗೆ ಸೊಂಟದಲ್ಲಿ ಹಿಡಿದ ನೋವು ಎಡಗಾಲಿನ ಹಿಮ್ಮಡಿವರೆಗೆ ಇಳಿದಿತ್ತು. ಸಯಾಟಿಕಾ ಅಂತಾರಲ್ಲ, ಅದೇ.

ಮಡಿಕೇರಿಯಲ್ಲಿ ಮೂಳೆ ಡಾಕ್ಟರು ನೋಡಿದರು. ಮಾತ್ರೆ, ಫಿಸಿಯೋಥೆರಪಿ, ಎಂಆರ್‌ಐ. ಶುರುವಿಗೆ ಅಷ್ಟು ಸಾಕು, ದೂರ ಓಡಬೇಕಿಲ್ಲ. ಬಹಳ ಜನರಿಗೆ ಈ ನೋವು ಕೆಲವು ವಾರದಲ್ಲಿ ತಾನಾಗಿ ಇಳಿಯುತ್ತದೆ. ನನಗೆ ಇಳಿಯಲಿಲ್ಲ. ಮಾತ್ರೆ ಸಾಲದು, ಆಪರೇಷನ್ ಮಾಡುವಷ್ಟೂ ಇಲ್ಲ ಅನ್ನುವ ಸ್ಥಿತಿ. ನೋವಿನ ಡಾಕ್ಟರು ಬೇಕಾಗುವುದು ಆಗಲೇ.

ಇವರಲ್ಲಿ ಹೆಚ್ಚಿನವರು ಮೂಲದಲ್ಲಿ ಅರಿವಳಿಕೆ ಡಾಕ್ಟರು. ಅನಸ್ತೇಷಿಯಾದಲ್ಲಿ ಎಂಡಿ ಮಾಡಿ, ಆಮೇಲೆ ನೋವಿನ ಚಿಕಿತ್ಸೆಯಲ್ಲಿ ಫೆಲೋಶಿಪ್, ಅಂದರೆ ಹೆಚ್ಚಿನ ತರಬೇತಿ, ಮಾಡಿರುತ್ತಾರೆ. ಮಂಗಳೂರಿನಲ್ಲಿ ನನ್ನ ದಿನ ಹಾಳಾಗಿದ್ದೇ ಇದರಿಂದ.

ಅಲ್ಲಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಫೋನ್ ಮಾಡಿ, ಬುಧವಾರ ಬನ್ನಿ ಅಂದ ಮೇಲೇ ಹೊರಟಿದ್ದೆ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಬಸ್ಸು ವಾಲಿದಾಗೆಲ್ಲ ಕಾಲಿಗೆ ಕರೆಂಟ್ ಹೊಡೆದ ಹಾಗಾಗುತ್ತಿತ್ತು. ಕೌಂಟರಿನಲ್ಲಿ ಪೇನ್ ಕ್ಲಿನಿಕ್ ಎಲ್ಲಿ ಅಂದರೆ ಮೂಳೆ ವಿಭಾಗದ ಚೀಟಿ ಕೊಟ್ಟರು. ಅಲ್ಲಿ ಕೂತು ಸರದಿ ಬಂದಾಗ, ‘ಇಲ್ಲಲ್ಲ, ಅನಸ್ತೇಷಿಯಾಕ್ಕೆ ಹೋಗಿ’ ಅಂದರು. ಅಲ್ಲಿಗೆ ಹೋದರೆ ಬಾಗಿಲಲ್ಲಿ ಬೋರ್ಡು: ವಾರಕ್ಕೆ ಎರಡೇ ದಿನ ಓಪಿಡಿ. ಬುಧವಾರ ಅದರಲ್ಲಿ ಒಂದು, ಸದ್ಯ! ಆದರೆ ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿ.

‘ಕೇಸ್ ಮುಗಿದ ಮೇಲೆ ಬರ್ತಾರೆ’ ಅಂದರು ನರ್ಸಮ್ಮ. ಥಿಯೇಟರಿನಲ್ಲಿ ಅರಿವಳಿಕೆ ಕೊಟ್ಟವರು ರೋಗಿಯನ್ನು ಬಿಟ್ಟು ಬರುವ ಹಾಗಿಲ್ಲ, ಅದು ನನಗೂ ಅರ್ಥ ಆಗುತ್ತದೆ. ಆದರೆ ಕೂರಲಾರದವನನ್ನು ಕಬ್ಬಿಣದ ಕುರ್ಚಿಯಲ್ಲಿ ಮಧ್ಯಾಹ್ನದವರೆಗೆ ಕೂರಿಸಿದರೆ ಹೇಗೆ? ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆದೆ. ಸೆಕ್ಯೂರಿಟಿಯವನು ಬೈದ. ಕೊನೆಗೆ ಡಾಕ್ಟರು ಬಂದರು, ಒಳ್ಳೆಯವರೇ, ಚೆನ್ನಾಗಿಯೇ ನೋಡಿದರು. ಇಂಜೆಕ್ಷನ್‌ಗೆ ಇನ್ನೊಂದು ದಿನ ಬರಬೇಕು ಅಂದರು. ಇಂಜೆಕ್ಷನ್ ಆದ ದಿನವೇ ಆ ಘಾಟಿಯಲ್ಲಿ ವಾಪಸ್ ಹತ್ತಿ ಬರಬೇಕಲ್ಲ ಅಂತ ನೆನೆಸಿಕೊಂಡೇ ಬೇಡ ಅನಿಸಿತು. ಮಳೆಗಾಲದಲ್ಲಂತೂ ಆ ದಾರಿಯನ್ನು ನಂಬುವುದು ಕಷ್ಟ. 2018ರಲ್ಲಿ ಗುಡ್ಡ ಕುಸಿದು ರಸ್ತೆಯೇ ಮುಚ್ಚಿತ್ತು, ಅಲ್ವಾ?

ಬೆಂಗಳೂರಿನಲ್ಲಿ ನೋವಿಗೇ ಅಂತ ಇರುವ ಕ್ಲಿನಿಕ್ಕುಗಳಿವೆ, ಹೇಳಿದ ಹೊತ್ತಿಗೆ ಒಳಗೆ ಕರೆಯುತ್ತಾರೆ. ಮಡಿಕೇರಿಯಿಂದ 250 ಕಿಲೋಮೀಟರ್ ಮೇಲೆ, ಕೊಡಗಿಗೆ ರೈಲೂ ಇಲ್ಲ. ಅಂದಾಜು ಖರ್ಚಿನ ಚೀಟಿ ನೋಡಿ ಮಡಚಿ ಜೇಬಿಗೆ ಹಾಕಿಕೊಂಡೆ. ಕರಿಮೆಣಸು ಮಾರಿದ ದುಡ್ಡು ಅಲ್ಲಿಗೇ ಹೋಗುತ್ತಿತ್ತು.

ಮೈಸೂರಿನಲ್ಲಿ ಕ್ಲಿನಿಕ್ ಸಣ್ಣದು, ಡಾಕ್ಟರು ದಿನಾ ಸಂಜೆ ಸಿಗುತ್ತಾರೆ. ಎಂಆರ್‌ಐ ವರದಿಯನ್ನಷ್ಟೇ ಓದಲಿಲ್ಲ, ಫಿಲ್ಮ್ ಬೆಳಕಿಗೆ ಹಿಡಿದು ನೋಡಿದರು. ನನ್ನನ್ನು ಮಲಗಿಸಿ ಕಾಲೆತ್ತಿಸಿದರು. ಸಿ-ಆರ್ಮ್ ಅನ್ನುವ ಯಂತ್ರದ ಪರದೆಯಲ್ಲಿ ಆಗಿಂದಾಗಲೇ ಕಾಣುವ ಎಕ್ಸ್‌ರೇ ನೋಡಿಕೊಂಡು ನರದ ಬುಡಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ‘ಇದು ಶಾಶ್ವತ ಅಲ್ಲ, ನೋವು ತಗ್ಗಿರುವಾಗ ವ್ಯಾಯಾಮ ಮಾಡಬೇಕು’ ಅಂತ ಮೊದಲೇ ಹೇಳಿದ್ದರು. ಸಕ್ಕರೆ ಕಾಯಿಲೆ ಇರುವವರಿಗೆ ಕೆಲವು ದಿನ ಶುಗರ್ ಏರುತ್ತದೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಮೊದಲೇ ತಿಳಿಸಬೇಕು. ಇಷ್ಟನ್ನೂ ಕೇಳದೆ ಸೂಜಿ ಹಿಡಿಯುವವರ ಹತ್ತಿರ ಹೋಗಬೇಡಿ.

ಮೈಸೂರಲ್ಲಿ ಬೇಜಾರಿನ ಸಂಗತಿ ಒಂದೇ, ಅವತ್ತು ಗಾಡಿ ಓಡಿಸುವ ಹಾಗಿಲ್ಲ. ಭಾವನನ್ನು ಕರೆದುಕೊಂಡು ಹೋದೆ. ದಾರಿ ಹೆಚ್ಚುಕಡಿಮೆ ಸಮತಟ್ಟು, ಸೀಟು ಹಿಂದಕ್ಕೆ ಬಾಗಿಸಿ ಮಲಗಿಯೇ ಬಂದೆ. ಹೇಗೂ ತೋಟದ ಮೋಟರು, ಸ್ಪ್ರೇಯರ್ ರಿಪೇರಿಗೆ ನಾನು ಮೈಸೂರಿಗೆ ಹೋಗುವವನೇ, ಹಾಗಾಗಿ ಮತ್ತೆ ತೋರಿಸಲು ಬೇರೆ ದಿನ ಬೇಕಾಗಿಲ್ಲ.

ಎಲ್ಲೇ ಹೋಗಿ, ಫೋನಿನಲ್ಲಿ ಓಪಿಡಿ ದಿನ ಮಾತ್ರ ಕೇಳಬೇಡಿ. ಅವತ್ತು ಡಾಕ್ಟರಿಗೆ ಥಿಯೇಟರ್ ಇದೆಯಾ, ಎಷ್ಟು ಹೊತ್ತಿಗೆ ಕೂರುತ್ತಾರೆ, ಅದನ್ನೂ ಕೇಳಿ. ಫೆಲೋಶಿಪ್ ಎಲ್ಲಿ ಮಾಡಿದ್ದು ಅಂತ ಕೇಳಿದರೆ ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ಕಾಲಿಗೆ ಬಲವೇ ಇಲ್ಲದಂತಾದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಮಾತ್ರ ಈ ಹೋಲಿಕೆ ಎಲ್ಲ ಬಿಟ್ಟು ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಗೋಣಿಕೊಪ್ಪ ಕಡೆಯವರಿಗೂ ಹುಣಸೂರು ಮೇಲೆ ಮೈಸೂರೇ ಸಲೀಸು. ಸಂಪಾಜೆ, ಪೆರಾಜೆಯವರು ಘಾಟಿ ಹತ್ತಿ ಬರುವುದು ಸುಮ್ನೆ ಕಷ್ಟ, ಅವರಿಗೆ ಮಂಗಳೂರೇ ಸರಿ.