ಒಂದೇ ಕಾರು, ಒಂದೇ ಮಾದರಿಯ ಎರಡು ಬ್ಯಾಟರಿ: ಐದು ವರ್ಷದ ಬಳಕೆಯ ನಂತರ

ಈ 12 ವೋಲ್ಟ್, 45 ಆಂಪಿಯರ್-ಅವರ್ ಸೀಸ-ಆಮ್ಲ ಬ್ಯಾಟರಿಯನ್ನು ನಾನು ಎರಡು ಬಾರಿ ಕೊಂಡಿದ್ದೇನೆ. ಮೊದಲನೆಯದು ಎರಡೂಕಾಲು ವರ್ಷಕ್ಕೇ ಕೈಕೊಟ್ಟಿತು. ಕೀಲಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿ ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತೇ ಹೊರತು ಸೆಲ್ಫ್ ತಿರುಗುತ್ತಿರಲಿಲ್ಲ. ಕಳಪೆ ಮಾಲೆಂದು ತಯಾರಕರನ್ನು ಬೈದುಕೊಂಡೇ, ಬೇರೆ ಯಾವುದೂ ಆ ಜಾಗಕ್ಕೆ ಕೂಡದ ಕಾರಣ ಮತ್ತೆ ಅದನ್ನೇ ಹಾಕಿಸಿದೆ. ಎರಡನೆಯದು ಈಗ ಐದು ವರ್ಷ ದಾಟಿದೆ. ಆ ಬೈಗುಳದ ಬಹುಪಾಲು ನನಗೇ ಸಲ್ಲಬೇಕಿತ್ತು.

ಬ್ಯಾಟರಿ ಸವೆಯುವುದು ಸ್ಟಾರ್ಟ್ ಮಾಡುವುದರಿಂದ ಎಂದು ನಾನು ತಿಳಿದಿದ್ದೆ. ಆದರೆ ಸೆಲ್ಫ್ 200 ಆಂಪಿಯರ್ ಎಳೆದರೂ ಅದು ಎರಡು ಸೆಕೆಂಡಿನ ಮಾತು. ಖರ್ಚಾಗುವುದು ಸುಮಾರು 0.11 ಆಂಪಿಯರ್-ಅವರ್, ಅದನ್ನು ಎಂಜಿನ್ ಓಡುವಾಗ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್ ಕೆಲವೇ ನಿಮಿಷಗಳಲ್ಲಿ ತುಂಬಿಕೊಡುತ್ತದೆ. ನಿಜವಾದ ಸೋರಿಕೆ ಇದ್ದದ್ದು ಕಾರು ನಿಂತಿರುವಾಗ. ನೆಗೆಟಿವ್ ತಂತಿಯನ್ನು ಬಿಚ್ಚಿ ನಡುವೆ ಕರೆಂಟ್, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಜೋಡಿಸಿ, ಕಾರಿನ ಎಲೆಕ್ಟ್ರಾನಿಕ್ಸ್ ಪೂರ್ತಿ ಮಲಗುವವರೆಗೆ ಅರ್ಧ ಗಂಟೆ ಕಾದು ನೋಡಿದಾಗ 90 ಮಿಲಿಆಂಪಿಯರ್ ಹರಿಯುತ್ತಿತ್ತು. ನಾನೇ ಹಾಕಿಸಿದ ಕ್ಯಾಮೆರಾ ಹಗಲಿರುಳು ಎಚ್ಚರವಾಗಿರುತ್ತಿತ್ತು! ಈ ಲೆಕ್ಕದಲ್ಲಿ ವಾರಕ್ಕೆ 15 ಆಂಪಿಯರ್-ಅವರ್, ಅಂದರೆ ಸಾಮರ್ಥ್ಯದ ಮೂರನೆಯ ಒಂದು ಭಾಗ ಖಾಲಿಯಾಗುತ್ತಿತ್ತು. ವಾರಕ್ಕೊಮ್ಮೆ ಮೂರು ಕಿಲೋಮೀಟರ್ ಓಡಿಸಿದರೆ ಅದು ಮರಳಿ ತುಂಬುವುದುಂಟೇ?

ಹೀಗೆ ಅರೆಹೊಟ್ಟೆಯಲ್ಲಿ ನಿಂತ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಳಾಗಿ ಬೆಳೆಯುತ್ತದೆ. ಹೊಸದಾಗಿ ಕಟ್ಟಿದ ಸಲ್ಫೇಟ್ ಚಾರ್ಜ್ ಮಾಡಿದಾಗ ಕರಗುತ್ತದೆ, ಹಳೆಯ ದಪ್ಪ ಹರಳು ಜಗ್ಗುವುದಿಲ್ಲ. ಅಷ್ಟರ ಮಟ್ಟಿಗೆ ಸಾಮರ್ಥ್ಯ ಶಾಶ್ವತವಾಗಿ ಹೋಯಿತೆಂದೇ ಲೆಕ್ಕ. ಕ್ಯಾಮೆರಾದ ತಂತಿಯನ್ನು ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ ಬದಲಿಸಿದ ಮೇಲೆ ಸೋರಿಕೆ 30 ಮಿಲಿಆಂಪಿಯರಿಗೆ ಇಳಿಯಿತು. ಜೊತೆಗೆ, ತುಂಬಿದೊಡನೆ ತಾನೇ ತಗ್ಗುವ ಸಣ್ಣ ಚಾರ್ಜರನ್ನು ತಿಂಗಳಿಗೊಮ್ಮೆ ರಾತ್ರಿಯಿಡೀ ಜೋಡಿಸುತ್ತೇನೆ.

ಇನ್ನೊಂದು ಶತ್ರು ಬಿಸಿ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಒಳಗಿನ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ ಸೀಸದ ಜಾಲರಿ ಬೇಗ ಕೊರೆದುಹೋಗುತ್ತದೆ, ನೀರೂ ಆರುತ್ತದೆ. ಮೊದಲ ಬ್ಯಾಟರಿಗಿದ್ದ ಶಾಖನಿರೋಧಕ ಹೊದಿಕೆಯನ್ನು ಯಾವುದೋ ಸರ್ವಿಸಿನಲ್ಲಿ ತೆಗೆದವರು ಮರಳಿ ಹಾಕಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಈಗ ಹೊದಿಕೆಯೂ ಇದೆ, ಅಲುಗಾಡದಂತೆ ಹಿಡಿದಿಡುವ ಪಟ್ಟಿಯೂ ಬಿಗಿಯಾಗಿದೆ. ಪ್ಲೇಟುಗಳು ಆಮ್ಲದ ದ್ರಾವಣದಲ್ಲಿ ಮುಳುಗಿವೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡಿ, ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ತುಂಬುತ್ತೇನೆ.

ತಯಾರಕರ ಮೇಲೂ ಒಂದು ದೂರಿದೆ. ಮೇಲ್ಭಾಗದ ಹಸಿರು ಕಣ್ಣು ಆರು ಸೆಲ್‌ಗಳ ಪೈಕಿ ಒಂದರ ಸ್ಥಿತಿಯನ್ನಷ್ಟೇ ತೋರಿಸುತ್ತದೆ ಎಂಬುದನ್ನು ಕೈಪಿಡಿಯಲ್ಲಿ ಎಲ್ಲಿಯೂ ಹೇಳಿಲ್ಲ. ಮೊದಲ ಬ್ಯಾಟರಿ ಸತ್ತ ದಿನವೂ ಅದು ಹಸಿರಾಗಿಯೇ ಇತ್ತು. ಹಾಗಾಗಿ ನನಗೆ ಮಲ್ಟಿಮೀಟರಿನ ಮೇಲೆಯೇ ನಂಬಿಕೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಮೊನ್ನೆ 12.5 ವೋಲ್ಟ್ ಇತ್ತು, ಸೆಲ್ಫ್ ತಿರುಗುವಾಗ 10.3ಕ್ಕೆ ಇಳಿಯಿತು. ಆ ಎರಡನೆಯ ಅಂಕಿ 9.6ರ ಕೆಳಗೆ ಜಾರಿದ ದಿನ ಇದನ್ನೂ ಬದಲಿಸುತ್ತೇನೆ.